ಅಡಿಕೆ ರಾಶಿಯ ಬದಿಯಲ್ಲಿ ಕೂತು ಮಕ್ಕಳಿಗೆ ಹೆಕ್ಕಿ ಬೇರೆ ಮಾಡ್ಲಿಕ್ಕೆ ಕಲಿಸುದು ಹೇಗೆ

ನಮ್ಮಲ್ಲಿ ಅಡಿಕೆ ಸುಲಿದಾದ ಮೇಲೆ ಮಾವ ಜಗಲಿಯಲ್ಲಿ ಗೋಣಿ ಹಾಸಿ ಕೂತ್ಕೊಳ್ತಾರೆ, ಎದುರಿಗೆ ರಾಶಿ, ಸುತ್ತ ನಾಲ್ಕೈದು ಬುಟ್ಟಿ, ಒಳ್ಳೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಒಂದಕ್ಕೆ, ಪಟೋರ ಒಂದಕ್ಕೆ, ಉಳ್ಳಿ ಒಂದಕ್ಕೆ, ಕರಿಗೋಟು ಕೋಕ ಎಲ್ಲ ಬದಿಗೆ, ಇದೆಲ್ಲ ಅಡಿಕೆಯ ಬೇರೆ ಬೇರೆ ದರ್ಜೆಯ ಹೆಸರು, ಬಾಯಲ್ಲಿ ಬೇರೆ ಎಂತದೋ ಮಾತು ನಡೀತಾ ಇದ್ರೂ ಕೈ ತಪ್ಪುದಿಲ್ಲ. ಕಳೆದ ವರ್ಷ ಒಂದು ದಿನ ಮೂರೂವರೆ ವರ್ಷದ ಮಗಳೂ ಪಕ್ಕದಲ್ಲಿ ಕೂತು ಒಂದು ಹಿಡಿ ಅಡಿಕೆ ತಗೊಂಡು ಮೂರು ಗುಂಪು ಮಾಡಿದ್ಳು. ನಾನು ನೋಡಿದೆ, ಬಣ್ಣದ ಪ್ರಕಾರ ಅಲ್ಲ, ದೊಡ್ಡದು ಸಣ್ಣದು ಅಂತಲೂ ಅಲ್ಲ, ಎಲ್ಲ ಮಿಕ್ಸ್. ಹೀಗಲ್ಲ ಮಗಾ ಅಂತ ಹೇಳ್ಲಿಕ್ಕೆ ಬಾಯಿ ತೆಗೆದಿದ್ದೆ, ಅಷ್ಟರಲ್ಲಿ ಮಾವ ಕೇಳಿದ್ರು, "ಇದು ಯಾಕೆ ಇಲ್ಲಿ?" ಅಂತ. ಅವ್ಳು ಒಂದೊಂದನ್ನೇ ನೆಲದಲ್ಲಿ ಇಟ್ಟು ತೋರಿಸಿದ್ಳು, "ಇದು ಉರುಳ್ತದೆ, ಇದು ಕೂತ್ಕೊಳ್ತದೆ, ಇದು ಚೂರು ಉರುಳಿ ಮತ್ತೆ ಕೂತ್ಕೊಳ್ತದೆ."

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ಒಂದು ಕನ್ನಡ ಮೀಡಿಯಂ ಎಲ್‌ಪಿ (ಲೋವರ್ ಪ್ರೈಮರಿ) ಶಾಲೆಯಲ್ಲಿ ಎರಡು ವರ್ಷ ಡೈಲಿ ವೇಜಸ್ ಟೀಚರ್ ಆಗಿದ್ದವಳು, ಒಂದನೇ ಕ್ಲಾಸಿನ ಮಕ್ಕಳಿಗೆ ಕೆಂಪು ಗೋಲಿ ಕೆಂಪು ಡಬ್ಬಕ್ಕೆ ನೀಲಿ ಗೋಲಿ ನೀಲಿ ಡಬ್ಬಕ್ಕೆ ಅಂತ ಮಾಡಿಸಿ ಮಾಡಿಸಿ ಅದನ್ನೇ ಕಲಿಸುದು ಅಂತ ತಿಳ್ಕೊಂಡಿದ್ದೆ. ಮಾವನ ಆ ಒಂದು ಪ್ರಶ್ನೆ ಎರಡು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರ್ಲಿಲ್ಲ ಮಾರಾಯ್ರೆ. ಹಾಗಾಗಿ ಕೆಳಗೆ ಬರೆದದ್ದು ಎಷ್ಟೇ ಉದ್ದ ಇದ್ರೂ ಓದ್ಲಿಕ್ಕೆ ಪುರುಸೊತ್ತು ಇಲ್ಲದವರು ಆ ಪ್ರಶ್ನೆ ಒಂದನ್ನ ತಗೊಂಡು ಹೋಗಿ, ಇದು ಯಾಕೆ ಇಲ್ಲಿ. ಜೋರಾಗಿ ಕೇಳ್ಬಾರ್ದು, ತಪ್ಪು ಹಿಡಿದ ಹಾಗೆ ಕೇಳ್ಬಾರ್ದು, ನಿಜವಾಗಿ ಗೊತ್ತಿಲ್ಲ ಅಂತ ಕೇಳ್ಬೇಕು.

ಮೊದಲು ಸಾಮಾನು. ಆನ್‌ಲೈನಲ್ಲಿ ಸಾರ್ಟಿಂಗ್ ಕಿಟ್ ಅಂತ ಬರ್ತದಲ್ಲ, ಆರು ಬಣ್ಣದ ಪ್ಲಾಸ್ಟಿಕ್ ಕರಡಿ, ಆರು ಸಣ್ಣ ಬಟ್ಟಲು, ಒಂದು ಚಿಮಟ, ನಾನೂ ತರಿಸಿದ್ದೆ. ಅದ್ರಲ್ಲಿ ತೊಂದರೆ ಎಂತ ಅಂದ್ರೆ ಕರಡಿ ಎಲ್ಲ ಒಂದೇ ಅಚ್ಚು, ಬಣ್ಣ ಬಿಟ್ರೆ ಬೇರೆ ವ್ಯತ್ಯಾಸವೇ ಇಲ್ಲ, ಒಮ್ಮೆ ಬಣ್ಣ ಪ್ರಕಾರ ಹಾಕಿದ್ರೆ ಆಟ ಮುಗೀತು, ಮಗು ಯೋಚನೆ ಮಾಡ್ಲಿಕ್ಕೆ ಎಂತದೂ ಉಳಿಯುದಿಲ್ಲ. ನಮಗೆ ಬೇಕಾದ್ದು ನಾಲ್ಕೈದು ತರದಲ್ಲಿ ವ್ಯತ್ಯಾಸ ಇರುವ ಸಾಮಾನು. ಗೆರಸೆ (ಮೊರ) ತಗೊಂಡು ಮನೆ ಒಂದು ಸುತ್ತು ಬನ್ನಿ, ಸ್ಟೀಲ್ ಚಮಚ, ಮರದ ಸೌಟು, ಬಟ್ಟೆ ಕ್ಲಿಪ್, ದೊಡ್ಡ ಡಬ್ಬದ ಮುಚ್ಚಳ, ಅಡಿಕೆ ಹಾಳೆ ತುಂಡು, ಗೆರಟೆ (ತೆಂಗಿನ ಚಿಪ್ಪು), ಹಲಸಿನ ಎಲೆ, ಹಳೆ ಬೀಗ, ಬೆಂಡೆಕಾಯಿ, ಸಾಕು. ಇದನ್ನ ಬಣ್ಣದಲ್ಲಿ ಬೇರೆ ಮಾಡ್ಬಹುದು, ಎಂತದ್ರಲ್ಲಿ ಮಾಡಿದ್ದು ಅಂತ ನೋಡ್ಬಹುದು, ನೀರಲ್ಲಿ ತೇಲ್ತದಾ ಮುಳುಗ್ತದಾ ನೋಡ್ಬಹುದು, ಅಡಿಗೆ ಕೋಣೆದ್ದಾ ತೋಟದ್ದಾ ಕೇಳ್ಬಹುದು, ದನ ತಿಂತದಾ ಇಲ್ವಾ ಅಂತಲೂ. ಹಾಕ್ಲಿಕ್ಕೆ ಟ್ರೇ ಬೇಕಾದ್ರೆ ಇಡ್ಲಿ ತಟ್ಟೆ ಉಂಟು, ಗೆರಟೆ ಸಾಲು ಇಟ್ರೂ ಆಗ್ತದೆ, ಅಟ್ಟದಲ್ಲಿ ಚೆನ್ನೆಮಣೆ (ಗುಳಿಗಳಲ್ಲಿ ಬೀಜ ಹಾಕಿ ಆಡುವ ಮರದ ಮಣೆ) ಇದ್ದವರು ಅದನ್ನ ಕೆಳಗೆ ಇಳಿಸಿ, ಎರಡು ಸಾಲು, ಸಾಲಿಗೆ 7 ಗುಳಿ, ಒಟ್ಟು 14, ಇದಕ್ಕಿಂತ ಒಳ್ಳೆ ಟ್ರೇ ದುಡ್ಡು ಕೊಟ್ರೂ ಸಿಗ್ಲಿಕ್ಕಿಲ್ಲ, ಚೆನ್ನೆ ಆಡುವ ಆಟಿ ತಿಂಗಳಿಗೆ ಕಾಯ್ಬೇಕು ಅಂತ ಇಲ್ಲ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ತೇನೆ. ಮೂರು ವರ್ಷದ ಒಳಗಿನ ಮಕ್ಕಳಿಗೆ ಕಾಳು, ಬೀಜ, ಬಟನ್, ಗೋಲಿ ಕೊಡ್ಲೇಬೇಡಿ, ಬಾಯಿಗೆ ಹೋಗ್ತದೆ, ಮೂಗಿಗೂ ಹೋಗ್ತದೆ. ಆಟಿಕೆ ಮಾಡುವವರು ಸಣ್ಣ ತುಂಡು ಅಪಾಯವಾ ಅಲ್ವಾ ನೋಡ್ಲಿಕ್ಕೆ ಒಂದು ಅಳತೆ ಕೊಳವೆ ಇಟ್ಟಿರ್ತಾರೆ, ಅದ್ರ ಅಗಲ 3.17 ಸೆಂಟಿಮೀಟರ್, ಅದ್ರೊಳಗೆ ಪೂರ್ತಿ ಕೂತ್ಕೊಳ್ಳುವ ಸಾಮಾನು ಆ ಪ್ರಾಯಕ್ಕೆ ಆಗುದಿಲ್ಲ ಅಂತ ಲೆಕ್ಕ. ಅಂದ್ರೆ ಸುಲಿದ ಅಡಿಕೆಯೂ ಹೆಚ್ಚಿನಂಶ ಅದ್ರೊಳಗೆ ಬೀಳ್ತದೆ, ನನ್ನ ಮಗಳು ಕೂತದ್ದು ಅಜ್ಜನ ಕಣ್ಣೆದುರಿಗೆ ಹಾಗಾಗಿ ಸರಿ, ಬಿಟ್ಟು ಒಳಗೆ ಹೋಗುವ ಹಾಗೆ ಇಲ್ಲ. ಮತ್ತೆ ಚೆನ್ನೆ ಆಡುವ ಕೆಂಪು ಬೀಜ ಉಂಟಲ್ಲ, ಮಲಯಾಳದವರು ಮಂಜಾಡಿ ಅಂತ ಹೇಳುದು, ಅದು ಪೂರ್ತಿ ಕೆಂಪು. ಅದ್ರ ಹಾಗೇ ಕಾಣುವ ಗುಲಗಂಜಿಗೆ ತುದಿಯಲ್ಲಿ ಕಪ್ಪು ಚುಕ್ಕೆ ಇರ್ತದೆ, ಅದು ವಿಷ, ಜಗಿದು ನುಂಗಿದ್ರೆ ಜೀವಕ್ಕೆ ಅಪಾಯ. ಮಕ್ಕಳ ಕೈಗೆ ಕೊಡುವ ಮೊದ್ಲು ಆ ಎರಡನ್ನ ಬೇರೆ ಮಾಡುದು ದೊಡ್ಡವರ ಕೆಲಸ. ಹಸಿ ಗೇರುಬೀಜವೂ ಬೇಡ, ಕಚ್ಚಿದ್ರೆ ಸಿಪ್ಪೆಯ ಎಣ್ಣೆ ತಾಗಿ ಬಾಯಿ ಸುಡ್ತದೆ.

ಇನ್ನು ಶುರು ಮಾಡುದು. ಎರಡು ವರ್ಷ, ಎರಡೂವರೆ ವರ್ಷದ ಮಗುವಿಗೆ ಗುಂಪು ಮಾಡು ಅಂತ ಹೇಳಿದ್ರೆ ಎಂತದೂ ಆಗುದಿಲ್ಲ, ಅದಕ್ಕೆ ಬೇಕಾದ್ದು ಜೋಡಿ. ಮನೆಗೆ ನೆಂಟರು ಬಂದ ದಿನ ಮೆಟ್ಟಿಲ ಬುಡದಲ್ಲಿ ಚಪ್ಪಲಿ ರಾಶಿ ಇರ್ತದಲ್ಲ, ಒಂದು ಚಪ್ಪಲಿ ಎತ್ತಿ "ಇದ್ರ ಜೊತೆಯವ ಎಲ್ಲಿ?" ಅಂತ ಕೇಳಿ, ಅರ್ಧ ಗಂಟೆ ಹೋದದ್ದೇ ಗೊತ್ತಾಗುದಿಲ್ಲ. ಒಗೆದ ಬಟ್ಟೆ ಮಡಿಸುವಾಗ ಸಾಕ್ಸ್, ಪಾತ್ರೆ ತೊಳೆದಾದ ಮೇಲೆ ಡಬ್ಬಕ್ಕೆ ಮುಚ್ಚಳ. ಚಪ್ಪಲಿ ಮುಟ್ಟಿದ ಮೇಲೆ ಕೈ ತೊಳೆಸಿ ಅಷ್ಟೆ.

ಮೂರರ ಹತ್ತಿರ ಬಂದಾಗ ಎರಡು ಗುಂಪು. ಸಾಮಾನು ಆರರಿಂದ ಎಂಟು, ಜಾಸ್ತಿ ಬೇಡ, ರಾಶಿ ದೊಡ್ಡದಾದಷ್ಟು ಮಗು ಬೇರೆ ಮಾಡುದು ಬಿಟ್ಟು ರಾಶಿಗೆ ಕೈ ಹಾಕಿ ಚೆಲ್ಲುದೇ ಆಟ ಮಾಡ್ಕೊಳ್ತದೆ. ಎರಡು ಗೆರಟೆ ಇಡಿ, ಒಂದ್ರಲ್ಲಿ ನೀವೇ ಒಂದು ಚಮಚ ಹಾಕಿ, ಇನ್ನೊಂದ್ರಲ್ಲಿ ಒಂದು ಎಲೆ ಹಾಕಿ, ಮತ್ತೆ ಮೂರನೇ ಸಾಮಾನು ಮಗುವಿನ ಕೈಗೆ ಕೊಟ್ಟು ಸುಮ್ನೆ ಕೂತ್ಕೊಳ್ಳಿ. ಸುಮ್ನೆ ಕೂತ್ಕೊಳ್ಳುದೇ ಕಷ್ಟ. ನಮಗೆ ಬಾಯಿ ತಡೆಯುದಿಲ್ಲ, ಇದು ಎಲೆ ಅಲ್ವಾ ಎಲೆ ಎಲ್ಲಿಗೆ ಹೋಗ್ಬೇಕು ಅಂತ ಹೇಳಿ ಆಗ್ತದೆ, ಆಗ ಮಗು ಸಾಮಾನು ನೋಡುದು ಬಿಟ್ಟು ನಮ್ಮ ಮುಖ ನೋಡ್ತದೆ. ಶಾಲೆಯಲ್ಲಿ ನಾನು ಇದನ್ನ ಎಷ್ಟು ಸಲ ಮಾಡಿದ್ದೇನೆ ಅಂದ್ರೆ, ಮಕ್ಕಳು ನನ್ನ ಹುಬ್ಬು ನೋಡಿಯೇ ಉತ್ತರ ಹೇಳ್ಲಿಕ್ಕೆ ಕಲ್ತಿದ್ರು.

ಅದಾದ ಮೇಲೆ ನಿಯಮ ಕೊಡದೆ ಬಿಡಿ, "ನಿಂಗೆ ಹೇಗೆ ಬೇಕೋ ಹಾಗೆ ಸೇರ್ಸು" ಅಂತ. ಮೊದಮೊದಲಿಗೆ ಗುಂಪು ಆಗುದಿಲ್ಲ, ರೈಲು ಆಗ್ತದೆ. ಅಂದ್ರೆ ಚಮಚದ ಪಕ್ಕ ಕ್ಲಿಪ್, ಯಾಕಂದ್ರೆ ಎರಡೂ ಉದ್ದ, ಕ್ಲಿಪ್ಪಿನ ಪಕ್ಕ ಎಲೆ, ಎರಡೂ ಪಚ್ಚೆ, ಎಲೆ ಪಕ್ಕ ಗೆರಟೆ, ಅದು ಮನೆ, ಕಡೆಗೆ ಎಲ್ಲ ಸೇರಿ ಒಂದು ರೈಲೋ ಮನೆಯೋ ಚಿತ್ರ. ಇದು ತಪ್ಪಲ್ಲ. ಜಿನೀವಾದಲ್ಲಿ ಮಕ್ಕಳ ಯೋಚನೆ ಹೇಗೆ ಬೆಳೀತದೆ ಅಂತ ಸಂಶೋಧನೆ ಮಾಡಿದ ಪಿಯಾಜೆ ಮತ್ತೆ ಅವರ ಜೊತೆ ಕೆಲಸ ಮಾಡಿದ ಬಾರ್ಬೆಲ್ ಇನ್ಹೆಲ್ಡರ್ ಅನ್ನುವವರು 1950ರ ದಶಕದಲ್ಲಿ ಮಕ್ಕಳ ಮುಂದೆ ಇಂಥದ್ದೇ ಸಾಮಾನು ಇಟ್ಟು ನೋಡಿದವರು, ಸಣ್ಣ ಮಕ್ಕಳು ಗುಂಪಿನ ಬದ್ಲು ಹೀಗೆ ಚಿತ್ರ ಮಾಡ್ತಾರೆ ಅಂತ ಅವರೂ ಬರ್ದಿಟ್ಟಿದ್ದಾರೆ. ಪ್ರತಿ ಎರಡು ಸಾಮಾನಿನ ನಡುವೆ ಒಂದು ಕಾರಣ ಇರ್ತದೆ, ಕಾರಣ ಬದ್ಲಾಗ್ತಾ ಹೋಗ್ತದೆ ಅಷ್ಟೆ, ಒಂದೇ ಕಾರಣ ಕೊನೆವರೆಗೆ ಹಿಡ್ಕೊಂಡು ಹೋಗ್ಲಿಕ್ಕೆ ಇನ್ನೂ ಪ್ರಾಯ ಆಗ್ಲಿಲ್ಲ. ನೀವು ಮಾಡ್ಬೇಕಾದ್ದು ರೈಲಿನ ಒಂದೊಂದು ಡಬ್ಬಿಯ ಬಗ್ಗೆ ಕೇಳುದು, ಅದ್ರಲ್ಲಿ ಒಂದು ಕಾರಣ ಹಿಡಿದು, "ಹೋ ಉದ್ದ ಇರುದಾ, ಮತ್ತೆ ಉದ್ದದ್ದು ಇನ್ನೂ ಎಂತ ಉಂಟು ಇಲ್ಲಿ?" ಅಂತ ಎಳೆಯುದು.

ಈಗ ಗಮ್ಮತ್ತಿನ ಜಾಗ. ಮಗು ಬಣ್ಣ ಪ್ರಕಾರ ಸರಿಯಾಗಿ ಹಾಕ್ತದೆ ಅಂತ ಇಟ್ಕೊಳ್ಳಿ, ಅದೇ ಸಾಮಾನು ವಾಪಸ್ ಕೊಟ್ಟು ಈಗ ಆಕಾರ ಪ್ರಕಾರ ಹಾಕು ಅಂತ ಹೇಳಿ ನೋಡಿ. ಮೂರು ವರ್ಷದ್ದಾದ್ರೆ ಹೆಚ್ಚಾಗಿ ಪುನಃ ಬಣ್ಣ ಪ್ರಕಾರವೇ ಹಾಕ್ತದೆ. ಕೇಳ್ಲಿಲ್ಲ, ಹಠ, ಅಂತ ನಾವು ಬೈತೇವೆ. ಫಿಲಿಪ್ ಝೆಲಾಝೊ ಅಂತ ಒಬ್ಬ ಸಂಶೋಧಕರು ಮತ್ತು ಅವರ ಜೊತೆಯವರು 1990ರ ದಶಕದಲ್ಲಿ ಇದನ್ನೇ ಕಾರ್ಡಿನಲ್ಲಿ ಮಾಡಿ ನೋಡಿದ್ರು, ಮಜಾ ಎಂತ ಅಂದ್ರೆ ಹೊಸ ನಿಯಮ ಎಂತ ಅಂತ ಕೇಳಿದ್ರೆ ಮಕ್ಕಳು ಬಾಯಲ್ಲಿ ಸರಿಯಾಗಿ ಹೇಳ್ತಾರೆ, ಕೈ ಮಾತ್ರ ಹಳೆ ನಿಯಮದಲ್ಲೇ ಹೋಗ್ತದೆ. ಐದು ವರ್ಷ ಆಗುವಾಗ ಹೆಚ್ಚಿನವರಿಗೆ ಬದ್ಲಿಸ್ಲಿಕ್ಕೆ ಬರ್ತದೆ. ಹಾಗಾಗಿ ಇದು ಹಠ ಅಲ್ಲ, ಹಿಡಿದ ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿಯುವ ಶಕ್ತಿ ಬೆಳೀತಾ ಇರುದು. ನಾನು ಮಾಡುವ ಉಪಾಯ ಹೇಳ್ತೇನೆ. ಒಂದು ಆಟ ಮುಗಿದ ಕೂಡ್ಲೆ ಎಲ್ಲವನ್ನೂ ಗೆರಸೆಗೆ ಸುರಿದು ಮಗುವಿನ ಕೈಯಲ್ಲೇ ಕಲಸಿಸುದು, ಡಬ್ಬ ಬದ್ಲಿಸುದು, ಸಾಧ್ಯ ಆದ್ರೆ ಜಾಗವನ್ನೂ ಬದ್ಲಿಸುದು, ಬಣ್ಣದ ಆಟ ಜಗಲಿಯಲ್ಲಿ ಇಡ್ಲಿ ತಟ್ಟೆಯಲ್ಲಿ ಆದ್ರೆ ಆಕಾರದ ಆಟ ಒಳಗೆ ಚಾಪೆ ಮೇಲೆ. ಪ್ರತಿ ಸಾಮಾನು ಎತ್ತುವಾಗ "ಈಗ ಎಂತ ನೋಡುದು?" ಅಂತ ಅವರ ಹತ್ರವೇ ಹೇಳಿಸಿ. ಎರಡು ವಾರ ಮಾಡಿದ್ರೂ ಆಗ್ಲಿಲ್ಲ ಅಂದ್ರೆ ಬಿಟ್ಟುಬಿಡಿ, ಮೂರು ತಿಂಗಳು ಕಳೆದು ಪುನಃ ನೋಡಿ, ಮಂಡೆ ಬಿಸಿ ಮಾಡ್ಕೊಳ್ಬೇಡಿ.

ನಾಲ್ಕೈದು ವರ್ಷ ಆದ್ರೂ ಕೆಂಪು ಪಚ್ಚೆ ಪದೇ ಪದೇ ಅದ್ಲುಬದ್ಲು ಮಾಡುವ ಮಗು ಇದ್ರೆ, ಮುಖ್ಯವಾಗಿ ಗಂಡುಮಕ್ಕಳಾದ್ರೆ, ಒಮ್ಮೆ ಕಣ್ಣಿನ ಡಾಕ್ಟ್ರಿಗೆ ತೋರಿಸಿ. ಬಣ್ಣಗುರುಡು ಗಂಡುಮಕ್ಕಳಲ್ಲೇ ಹೆಚ್ಚು, ಹಣ್ಣಡಿಕೆ ಯಾವುದು ಹಸಿ ಅಡಿಕೆ ಯಾವುದು ಅಂತ ಬಣ್ಣದಲ್ಲಿ ಗೊತ್ತಾಗದ ಮಗುವನ್ನ ದಡ್ಡ ಅಂತ ಹೇಳಿದ್ರೆ ಪಾಪ ಅದು ಎಂತ ಮಾಡ್ಬೇಕು.

ಕಣ್ಣು ಅಂದಾಗ ನೆನಪಾಯ್ತು, ಎಲ್ಲವನ್ನೂ ಕಣ್ಣಲ್ಲೇ ನೋಡಿ ಬೇರೆ ಮಾಡುದು ಎಂತಕ್ಕೆ. ಮಾವ ಸಂಶಯ ಇದ್ದ ಅಡಿಕೆಯನ್ನ ತುಂಡು ಮಾಡಿ ಒಳಗೆ ನೋಡ್ತಾರೆ, ಹೊರಗಿಂದ ಚಂದ ಕಂಡದ್ದೆಲ್ಲ ಚಾಲಿ ಅಲ್ಲ. ಮಕ್ಕಳಿಗೆ ತೆಂಗಿನಕಾಯಿ ಕೊಟ್ಟು ಕಿವಿ ಹತ್ರ ಕುಲುಕಿಸಿ, ನೀರು ಗುಳುಗುಳು ಹೇಳುದು ಒಂದು ಕಡೆ, ಹೇಳದ್ದು ಒಂದು ಕಡೆ. ಬೊಂಡ (ಎಳನೀರು), ಬನ್ನಂಗಾಯಿ (ಅರೆ ಬೆಳೆದ ಕಾಯಿ), ಕಾಯಿ, ಕೊಬ್ಬರಿ ನಾಲ್ಕನ್ನೂ ಒಡೆದು ಸಾಲಾಗಿ ಇಟ್ರೆ ಇದು ಗುಂಪು ಮಾಡುದಲ್ಲ, ಸಣ್ಣ ಪ್ರಾಯದಿಂದ ದೊಡ್ಡ ಪ್ರಾಯಕ್ಕೆ ಜೋಡಿಸುದು, ಇದೂ ಬೇಕು. ತಿಂದುಕೊಂಡೇ ಮಾಡ್ಬಹುದು. ಮತ್ತೆ ಮಳೆಗಾಲದಲ್ಲಿ ಹೊರಗೆ ಬಿಡ್ಲಿಕ್ಕೆ ಆಗದ ದಿನ ಅರಶಿನ ಎಲೆ, ತುಳಸಿ, ಬೇವಿನ ಸೊಪ್ಪು, ಸಾಂಬ್ರಾಣಿ ಸೊಪ್ಪು, ಮಾವಿನ ಚಿಗುರು ಎಲ್ಲ ಎರಡೆರಡು ತಂದು ಕೈಯಲ್ಲಿ ತಿಕ್ಕಿ, ಕಣ್ಣು ಮುಚ್ಚಿಸಿ ವಾಸನೆಯಲ್ಲೇ ಜೋಡಿ ಹುಡುಕಿಸಿ. ನಾನು ಇದ್ರಲ್ಲಿ ಮಗಳ ಹತ್ರ ಸೋತೆ.

ಭಾಷೆ ವಿಷಯ ನಮ್ಮ ಕಾಸರಗೋಡಿನವರಿಗೆ ಮಾತ್ರ ಅರ್ಥ ಆಗುವ ತಲೆನೋವು. ಮನೆಯಲ್ಲಿ ಒಂದು, ಅಂಗನವಾಡಿಯಲ್ಲಿ ಒಂದು, ಬಸ್ಸಲ್ಲಿ ಒಂದು, ಆಚೆ ಮನೆಯವರ ಹತ್ರ ಇನ್ನೊಂದು. ಒಂದು ಸಲ ಶಾಲೆಯಲ್ಲಿ ಹಣ್ಣು ಎಲ್ಲ ಒಂದು ಕಡೆ ಇಡಿ ಅಂತ ಹೇಳಿದೆ, ಮನೆಯಲ್ಲಿ ಮಲಯಾಳ ಮಾತಾಡುವ ಒಬ್ಬ ಹುಡುಗ ಬಾಳೆಹಣ್ಣು ಮಾತ್ರ ಇಟ್ಟ, ಸೇಬು ಕಿತ್ತಳೆ ಹೊರಗೆ. ತಪ್ಪು ಹಾಕಿದೆ ನಾನು. ಆಮೇಲೆ ಹೊಳೀತು, ಅವನ ಮನೆಯಲ್ಲಿ ಪಳಂ (ಮಲಯಾಳದಲ್ಲಿ ಹಣ್ಣು) ಅಂದ್ರೆ ದಿನಕ್ಕೆ ಹತ್ತು ಸಲ ಬಾಳೆಹಣ್ಣೇ, ಅವ ನನ್ನ ಹಣ್ಣನ್ನ ಅವನ ಪಳಂ ಮಾಡ್ಕೊಂಡಿದ್ದಾನೆ, ಅವನ ಲೆಕ್ಕಕ್ಕೆ ಸರಿ. ಇನ್ನೊಬ್ಬಳು ಕನ್ನಡದವಳೇ, ತೆಂಗಿನಕಾಯಿ, ಬದನೆಕಾಯಿ, ಮೆಣಸಿನಕಾಯಿ, ನೆಲ್ಲಿಕಾಯಿ ಎಲ್ಲ ಒಟ್ಟು ಸೇರಿಸಿ ಕ್ಯಾರೆಟನ್ನು ಹೊರಗೆ ಹಾಕಿದ್ಳು. ಯಾಕೆ ಅಂತ ಆಗ ಕೇಳಿದ್ರೆ ಹೇಳ್ತಿದ್ಳು, ಕ್ಯಾರೆಟಿಗೆ ಕಾಯಿ ಇಲ್ಲ ಟೀಚರ್ ಅಂತ. ಹೆಸರಿನ ಬಾಲ ನೋಡಿ ಗುಂಪು ಮಾಡಿದ್ದಾಳೆ, ಇದು ವ್ಯಾಕರಣದ ಕೆಲಸ, ನಾನು ಅದಕ್ಕೆ ಕೆಂಪು ಗೀಟು ಎಳೆದೆ.

ಹಾಗಾಗಿ ಹೆಕ್ಕುವ ಆಟ ಆಡುವಾಗ ಭಾಷೆ ತಿದ್ಲಿಕ್ಕೆ ಹೋಗ್ಬೇಡಿ, ಪಚ್ಚೆ ಅಂದ್ರೂ ಹಸಿರು ಅಂದ್ರೂ ಗ್ರೀನ್ ಅಂದ್ರೂ ಬುಟ್ಟಿ ಒಂದೇ. ಅಷ್ಟಕ್ಕೂ ಕನ್ನಡ ಮಾತಾಡುವ ಮಗು ಬಾಯಲ್ಲೇ ದಿನವಿಡೀ ವಿಂಗಡಿಸ್ತಾ ಇರ್ತದೆ ಗೊತ್ತುಂಟಾ, ಎರಡು ದನ ಅಂತದೆ, ಇಬ್ರು ಅಣ್ಣಂದಿರು ಅಂತದೆ, ಮನುಷ್ಯರಿಗೆ ಬೇರೆ ಲೆಕ್ಕ ಉಳಿದದ್ದಕ್ಕೆ ಬೇರೆ ಲೆಕ್ಕ. ಗೊಂಬೆ ಎರಡಾ ಇಬ್ರಾ ಅಂತ ನಾಲ್ಕು ವರ್ಷದ್ದನ್ನ ಕೇಳಿ ನೋಡಿ, ಮಾತು ಎಲ್ಲಿಗೆ ಹೋಗ್ತದೆ ಅಂತ ಹೇಳ್ಲಿಕ್ಕೆ ಸಾಧ್ಯ ಇಲ್ಲ.

ಐದು ಐದೂವರೆಗೆ ಎರಡು ನಿಯಮ ಒಟ್ಟಿಗೆ ಕೊಡ್ಬಹುದು. ಬಾಳೆನಾರಿನಲ್ಲೋ ಹಗ್ಗದಲ್ಲೋ ಅಂಗಳದಲ್ಲಿ ಎರಡು ದೊಡ್ಡ ಉರುಟು (ವೃತ್ತ) ಮಾಡಿ, ಒಂದ್ರೊಳಗೆ ತಿನ್ನುವಂಥದ್ದು, ಇನ್ನೊಂದ್ರೊಳಗೆ ಪಚ್ಚೆ ಬಣ್ಣದ್ದು. ಸ್ವಲ್ಪ ಹೊತ್ತು ಸರಿ ಹೋಗ್ತದೆ, ಮತ್ತೆ ಬೆಂಡೆಕಾಯಿ ಕೈಗೆ ಬರ್ತದೆ, ಮಗು ಆಚೆ ಈಚೆ ನೋಡ್ತದೆ. ಆಗ ಕೂಡ್ಲೆ ಹೇಳಿಕೊಡ್ಬೇಡಿ. ಕೆಲವರು ಬೆಂಡೆಯನ್ನ ಎರಡು ತುಂಡು ಮಾಡ್ತಾರೆ, ಒಬ್ಬ ಗೆರೆ ಮೇಲೆ ಅಡ್ಡ ಮಲಗಿಸಿದ್ದ. ಕಡೆಗೆ ಎರಡು ಉರುಟನ್ನ ಹತ್ರ ಎಳೆದು ಒಂದ್ರ ಮೇಲೆ ಒಂದು ಬರುವ ಹಾಗೆ ಮಾಡಿದ್ರೆ ನಡುವಿನ ಜಾಗ ತಾನೇ ಹುಟ್ಟಿಕೊಳ್ತದೆ. ದೊಡ್ಡ ಕ್ಲಾಸಿನಲ್ಲಿ ವೆನ್ ಡಯಾಗ್ರಾಮ್ ಅಂತ ಬರ್ತದಲ್ಲ, ಜಾನ್ ವೆನ್ 1880ರಲ್ಲಿ ಬರೆದು ತೋರಿಸಿದ್ದು, ಅದೇ ಇದು. ಎರಡಕ್ಕೂ ಸೇರದ ಚಮಚ ಹೊರಗೇ ಉಳೀತದೆ, ಅದಕ್ಕೂ ಒಂದು ಜಾಗ ಉಂಟು ಅಂತ ಕೆಲವು ಮಕ್ಕಳಿಗೆ ಒಪ್ಪಲಿಕ್ಕೆ ಬಹಳ ಬೇಜಾರು.

ಇನ್ನೊಂದು ಪ್ರಶ್ನೆ, ಇದು ಪಿಯಾಜೆಯವರದ್ದೇ ತರದ್ದು. ದೇವರಿಗೆ ಹೂ ಕೊಯ್ದು ತಂದಾಗ ಹರಿವಾಣದಲ್ಲಿ ಎಂಟು ದಾಸವಾಳ, ಮೂರು ನಂದಿಬಟ್ಲು ಇಟ್ಟು ಕೇಳಿ, "ದಾಸವಾಳ ಜಾಸ್ತಿಯಾ ಹೂ ಜಾಸ್ತಿಯಾ?" ಐದು ವರ್ಷದ್ದು ದಾಸವಾಳ ಜಾಸ್ತಿ ಅಂತದೆ, ಯಾಕಂದ್ರೆ ಅದು ದಾಸವಾಳವನ್ನ ನಂದಿಬಟ್ಲಿನ ಜೊತೆ ಹೋಲಿಸ್ತದೆ. ದಾಸವಾಳವೂ ಹೂವೇ, ದೊಡ್ಡ ಗುಂಪಿನೊಳಗೆ ಸಣ್ಣ ಗುಂಪು ಇರ್ತದೆ ಅನ್ನುದು ಏಳೆಂಟು ವರ್ಷದ ಹೊತ್ತಿಗೆ ಗಟ್ಟಿಯಾಗುದು. ಅದಕ್ಕೆ ಮೊದ್ಲು ಪಾಠ ಮಾಡಿ ಪ್ರಯೋಜನ ಇಲ್ಲ, ಆದ್ರೆ ಒಂದು ಸಹಾಯ ಮಾಡ್ಬಹುದು, "ಎಲ್ಲ ಹೂವನ್ನ ದೇವರಿಗೆ ಕೊಟ್ರೆ ದಾಸವಾಳ ಉಳೀತದಾ?" ಅಂತ ಕೇಳಿದ್ರೆ ಅದೇ ಮಗು ಇಲ್ಲ ಅಂತ ನಗ್ತದೆ.

ಪ್ರಾಣಿ ಪಕ್ಷಿಗೆ ಬಂದ್ರೆ ತಪ್ಪದೆ ತರ್ಬೇಕಾದ್ದು ಯಾವ ಬುಟ್ಟಿಗೂ ಸರಿಯಾಗಿ ಕೂರದಂಥದ್ದು. ಬಾವಲಿ ಹಾರ್ತದೆ, ಮರಿಗೆ ಹಾಲು ಕೊಡ್ತದೆ. ಜೇಡನ ಕಾಲು ಲೆಕ್ಕ ಮಾಡಿಸಿ, 8 ಬರ್ತದೆ, ಕೀಟಕ್ಕೆ 6. ಗೇರುಹಣ್ಣು ಅಂತ ನಾವು ತಿನ್ನುದು ನಿಜವಾಗಿ ಉಬ್ಬಿದ ತೊಟ್ಟು, ಕಾಯಿ ಅಂದ್ರೆ ಕೆಳಗೆ ನೇತಾಡುವ ಬೀಜವೇ. ಆರು ವರ್ಷದವರು ಇಂಥದ್ದು ಸಿಕ್ಕಿದ್ರೆ ಜಗಳ ಮಾಡ್ತಾರೆ, ಮಾಡ್ಲಿ, ಹಿಡಿದ ಪಕ್ಷಕ್ಕೆ ಕಾರಣ ಕೊಡ್ಬೇಕು ಅನ್ನುದೊಂದೇ ನಿಯಮ.

ಆಟ ಬೇಡ ಕೆಲಸವೇ ಬೇಕು ಅನ್ನುವ ಮಕ್ಕಳಿಗೆ ಹರಿತ ಕರ್ಮ ಸೇನೆಯವರು (ಮನೆ ಮನೆಯಿಂದ ಪ್ಲಾಸ್ಟಿಕ್ ಕಸ ತಗೊಂಡು ಹೋಗುವವರು) ಬರುವ ಮುಂಚಿನ ದಿನ ಉಂಟಲ್ಲ. ಹಾಲಿನ ತೊಟ್ಟೆ (ಪ್ಯಾಕೆಟ್) ತೊಳೆದು ಒಣಗಿಸಿದ್ದು ಒಂದು ಗೋಣಿಗೆ, ಬಾಟಲಿ ಒಂದಕ್ಕೆ, ಹರಿದ ಚಪ್ಪಲಿ ಒಂದಕ್ಕೆ, ಗಾಜು ಮತ್ತೆ ಬ್ಯಾಟರಿ ಮುಟ್ಲಿಕ್ಕೆ ಇಲ್ಲ, ಅದು ದೊಡ್ಡವರದ್ದು. ನನ್ನ ಮಗಳಿಗೆ ಈಗ ನಾಲ್ಕೂವರೆ, ಬಿಸ್ಕೆಟ್ ತೊಟ್ಟೆ ಹಿಡ್ಕೊಂಡು "ಒಳಗೆ ಬೆಳ್ಳಿ ಬಣ್ಣ ಇದ್ದದ್ದು ಬೇರೆ ಮಾಡುದಾ?" ಅಂತ ಕೇಳಿದ್ಳು, ನನಗೆ ಅದು ಕಂಡೇ ಇರ್ಲಿಲ್ಲ. ಬಂದವರ ಹತ್ರವೇ ಕೇಳು ಅಂದೆ, ಕೇಳಿದ್ಳು, ಅವರೂ ನಿಂತು ವಿವರಿಸಿದ್ರು.

ದಿನಾ ಮಾಡ್ಬೇಕು ಅಂತ ಇಲ್ಲ, ಹತ್ತು ನಿಮಿಷ ಸಾಕು, ಮಗು ಎದ್ದು ಹೋದ್ರೆ ಹಿಂದಿನಿಂದ ಹೋಗಿ ಕರೀಬೇಡಿ. ಶಭಾಶ್ ಜಾಸ್ತಿ ಹೇಳ್ಬೇಡಿ, ಹೇಳಿದ್ರೆ ಮರುದಿನ ಅದೇ ಗುಂಪು ಅದೇ ತರ ಮಾಡಿ ಮುಖ ನೋಡ್ತದೆ.

ಆರು ದಾಟಿದವರು ಇದ್ರೆ ಆಟ ತಿರುಗಿಸಿ ಕೊಡಿ. ಮಗು ಮನಸ್ಸಲ್ಲೇ ಒಂದು ಗುಟ್ಟಿನ ನಿಯಮ ಇಟ್ಕೊಂಡು ಎರಡು ಗುಂಪು ಮಾಡ್ಬೇಕು, ದೊಡ್ಡವರು ನಿಯಮ ಹೇಳ್ಬೇಕು. ಆಚೆ ಮನೆಯ ಏಳು ವರ್ಷದವ ಮೊನ್ನೆ ಒಂದು ಕಡೆ ಬೀಗ, ಮುಚ್ಚಳ, ಕೊಡೆ, ಪುಸ್ತಕ ಇಟ್ಟ, ಇನ್ನೊಂದು ಕಡೆ ಚಮಚ, ಕಲ್ಲು, ಬಾಚಣಿಗೆ. ಲೋಹ ಅಂತ ಹೇಳಿದೆ, ಅಲ್ಲ. ದೊಡ್ಡದು ಸಣ್ಣದು, ಅಲ್ಲ. ಮಾವ ಒಂದು ನಿಮಿಷ ನೋಡಿ ತೆರೆದು ಮುಚ್ಚುವಂಥದ್ದು ಅಂದ್ರು, ಸರಿ ಇತ್ತು. ನಮ್ಮಲ್ಲಿ ನಿಯಮ ಎಂತ ಅಂದ್ರೆ ಮೂರು ಸಲ ತಪ್ಪಿದವರು ಸಾಮಾನೆಲ್ಲ ತೆಗೆದು ಅದ್ರದ್ರ ಜಾಗದಲ್ಲಿ ಇಡ್ಬೇಕು, ಆ ಕೆಲಸ ಈಗ ದಿನಾ ನನ್ನದೇ.